ಲುಬಾನನ ಎಡ ಮಗ್ಗುಲು

ನಮ್ಮ ಮನೆಯ ಹೊಲಿಗೆ ಸಾಮಾನೆಲ್ಲ ಇರುವುದು ಹಲ್ವದ ಒಂದು ಹಳೇ ಡಬ್ಬದಲ್ಲಿ. ಒಮಾನಿನಲ್ಲಿ ನಾಲ್ಕು ವರ್ಷ ಕಳೆದವರ ಮನೆಯಲ್ಲಿ ಇಂಥ ನಾಲ್ಕು ಡಬ್ಬವಾದರೂ ಇರುತ್ತದೆ. ಹಬ್ಬಕ್ಕೆ ಯಾರೋ ಕೊಡುತ್ತಾರೆ, ಒಳಗಿನ ಹಲ್ವ ವಾರದಲ್ಲಿ ಮುಗಿಯುತ್ತದೆ, ಡಬ್ಬ ಮಾತ್ರ ನಮ್ಮ ಜೊತೆ ಮನೆಯಿಂದ ಮನೆಗೆ ಬರುತ್ತಲೇ ಇರುತ್ತದೆ. ಎಷ್ಟು ತೊಳೆದರೂ ಆ ಗುಲಾಬಿ ನೀರಿನ ವಾಸನೆ ಹೋಗುವುದಿಲ್ಲ. ಹಾಗಾಗಿ ನಮ್ಮವರ ಅಂಗಿಗೆ ನಾನು ಹಾಕಿದ ಗುಂಡಿಗಳೆಲ್ಲ ಮೊದಲ ಒಗೆತದವರೆಗೆ ಒಂದಿಷ್ಟು ಘಮ್ಮೆನ್ನುತ್ತವೆ.

ಮೊನ್ನೆ ರವಿಕೆಯ ಹುಕ್ಕು ಹುಡುಕುತ್ತ ಡಬ್ಬವನ್ನು ಮಂಚದ ಮೇಲೆ ಸುರಿದೆ. ಸೂಜಿಯ ಚೀಟಿ, ಮೇಣದ ತುಂಡು, ಜೊತೆ ತಪ್ಪಿದ ಗುಂಡಿಗಳ ನಡುವೆ ಕಪ್ಪು ದಾರದ ಒಂದು ಕುಣಿಕೆ ಸಿಕ್ಕಿತು. ಅದರ ಗಂಟು ಗಂಟಾಗಿಯೇ ಇತ್ತು. ಗಂಟಿಗೆ ಎದುರು ಬದಿಯಲ್ಲಿ ದಾರವನ್ನು ಕತ್ತರಿಸಲಾಗಿತ್ತು. ಬಿಚ್ಚುವಷ್ಟು ಪುರುಸೊತ್ತು ಆಗ ಇರಲಿಲ್ಲ ಎಂದು ಅದನ್ನು ನೋಡಿದರೇ ತಿಳಿಯುತ್ತದೆ. ಅಂಥದ್ದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ನೀವು ಕೇಳಬಹುದು. ಹುಕ್ಕು ಸಿಗಲಿಲ್ಲ, ರವಿಕೆಯೂ ಹಾಗೇ ಉಳಿಯಿತು. ನಾನು ಆ ದಾರವನ್ನು ಬೆರಳಿಗೆ ಸುತ್ತಿಕೊಂಡು ಬಹಳ ಹೊತ್ತು ಮಂಚದ ಮೇಲೇ ಕೂತಿದ್ದೆ.

ದಾರ ಕಟ್ಟಿ ಗುರುತು ಮಾಡುವುದು ನಮ್ಮ ಮನೆಯಲ್ಲಿ ಮೊದಲಿನಿಂದ ಬಂದದ್ದು. ಊರಿನಲ್ಲಿ ನಮ್ಮ ಅಂಗಳಕ್ಕೂ ಪಕ್ಕದ ಅಪ್ಪಿಯಕ್ಕನ ಅಂಗಳಕ್ಕೂ ನಡುವೆ ಇದ್ದದ್ದು ದಾಸವಾಳದ ನಾಲ್ಕು ಗಿಡ ಮಾತ್ರ. ಎರಡು ಮನೆಯ ಕೋಳಿಗಳೂ ಹಗಲೆಲ್ಲ ಒಟ್ಟಿಗೇ ಕೆದಕುತ್ತಿದ್ದವು. ಸಂಜೆ ಗೂಡು ಮುಚ್ಚುವಾಗ ತಕರಾರು ಬರಬಾರದೆಂದು ನಮ್ಮ ಅಮ್ಮ ನಮ್ಮ ಕೋಳಿಗಳ ಕಾಲಿಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದಳು. ಅಪ್ಪಿಯಕ್ಕನದು ನೀಲಿ. ನನಗೆ ಏಳು ವರ್ಷವಿದ್ದಾಗ ಒಂದು ಹಳದಿ ಮರಿ ನನ್ನದೇ ಆಗಬೇಕೆಂಬ ಆಸೆ ಬಂತು. ಹೊಲಿಗೆ ಮಿಷನ್ನಿನ ಕೆಂಪು ನೂಲನ್ನು ಎರಡು ಸುತ್ತು ಸುತ್ತಿ ಅದರ ಕಾಲಿಗೆ ಕಟ್ಟಿದೆ. ಕಟ್ಟಿ ಮರೆತೂ ಬಿಟ್ಟೆ. ಮರಿ ಬೆಳೆಯಿತು. ಅದು ಕುಂಟುವುದನ್ನು ಅಮ್ಮ ನೋಡುವ ಹೊತ್ತಿಗೆ ನೂಲು ಚರ್ಮದೊಳಗೆ ಹೂತಿತ್ತು. ಅಮ್ಮ ಬ್ಲೇಡಿನ ತುದಿಯಲ್ಲಿ ಅದನ್ನು ಬಿಡಿಸಿ ಅರಿಶಿನ ಹಚ್ಚಿದಳು. ನನಗೆ ಬೈಯಲಿಲ್ಲ. ತುಳುವಿನಲ್ಲಿ ಇಷ್ಟೇ ಹೇಳಿದಳು: "ಕಟ್ಟಿದವರು ದಿನಾ ನೋಡ್ತಾ ಇರ್ಬೇಕು ಮಗಾ. ಕಾಲು ಬೆಳೀತದೆ, ದಾರ ಬೆಳೆಯುದಿಲ್ಲ." ಆ ಕೋಳಿ ಬದುಕಿದಷ್ಟು ದಿನ ಒಂದೂವರೆ ಕಾಲಲ್ಲಿ ನಡೆಯಿತು.

ಹತ್ತನೇ ವಯಸ್ಸಿಗೆ ಕಾನ್ವೆಂಟಿನ ಹಾಸ್ಟೆಲಿಗೆ ಹೋದೆ. ಅಲ್ಲಿ ನನಗೇ ಗುರುತಿನ ನೂಲು ಬಂತು. ಬಟ್ಟೆಗಳು ಒಗೆಯಲು ಹೋಗುವಾಗ ಅದಲು ಬದಲಾಗಬಾರದೆಂದು ಪ್ರತಿಯೊಬ್ಬಳ ಕಾಲರಿನ ಒಳಬದಿಗೆ ಕೆಂಪು ನೂಲಿನಲ್ಲಿ ಒಂದು ನಂಬರು. ನನ್ನದು ನಲವತ್ತೇಳು. ಬಟ್ಟೆಯ ಕೋಣೆಯ ಉಸ್ತುವಾರಿ ಸಿಸ್ಟರ್ ಲುಡ್ವಿನಾ ಎಂಬವರದ್ದು. ಅವರ ಕಣ್ಣು ಮಂಜಾಗಿತ್ತು. ನಂಬರುಗಳನ್ನು ಬೆರಳಿನಿಂದ ಸವರಿಯೇ ಬಟ್ಟೆ ವಿಂಗಡಿಸುತ್ತಿದ್ದರು. ನಮ್ಮನ್ನು ಗುರುತಿಸಲು ಮಾತ್ರ ಅವರಿಗೆ ನಂಬರು ಬೇಕಿರಲಿಲ್ಲ. ಬೆನ್ನು ಹಾಕಿ ಕೂತಲ್ಲಿಂದಲೇ, "ವಾರಿಜ, ಚಪ್ಪಲಿ ಎಳೀಬೇಡ" ಎನ್ನುತ್ತಿದ್ದರು. ಎಂಬತ್ತು ಹುಡುಗಿಯರ ಹೆಜ್ಜೆ ಅವರಿಗೆ ಬಾಯಿಪಾಠ. ನಮಗೋ ಅದು ದೊಡ್ಡ ಕಿರಿಕಿರಿ. ಇಷ್ಟು ವರ್ಷದ ಮೇಲೆ, ಸಮುದ್ರದ ಈಚೆ ದಡದಲ್ಲಿ, ಎರಡು ಫೆರೆಟುಗಳ ದೆಸೆಯಿಂದ ಅವರ ನೆನಪಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಫೆರೆಟ್ ಎಂದರೆ ಏನೆಂದು ನನಗೂ ಗೊತ್ತಿರಲಿಲ್ಲ. ನಮ್ಮ ಮುಂಗುಸಿಯನ್ನು ಹಿಡಿದು ಇನ್ನಷ್ಟು ಎಳೆದು, ಹತ್ತಿಯಲ್ಲಿ ಹೊರಳಿಸಿ, ಕಣ್ಣಿನ ಸುತ್ತ ಕಾಡಿಗೆ ಹಚ್ಚಿದರೆ ಹೇಗೋ ಹಾಗೆ ಇರುತ್ತದೆ. ದಿನದಲ್ಲಿ ಮುಕ್ಕಾಲು ಪಾಲು ನಿದ್ದೆ. ಎದ್ದ ಒಂದೆರಡು ಗಂಟೆ ಮನೆಯಲ್ಲಿ ಯಾವ ಚಪ್ಪಲಿಗೂ ಜೊತೆ ಉಳಿಯುವುದಿಲ್ಲ. ಅಲ್ ಮವಾಲೇಹಿನ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಜುಬೇದಾಳ ಮನೆ. ಅವಳು ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಂಗಸು. ಗಂಡನಿಗೆ ತರಕಾರಿ ಮಾರ್ಕೆಟಿನಲ್ಲಿ ಅಂಗಡಿ. ಒಬ್ಬಳೇ ಮಗಳು ಶಿಫಾ, ಹತ್ತನೇ ತರಗತಿ. ಫೆರೆಟುಗಳು ಅವಳವು. ಒಂದೇ ತಾಯಿಯ ಒಂದೇ ಸೂಲಿನ ಎರಡು ಗಂಡು, ಹಲ್ವ ಮತ್ತು ಲುಬಾನ್. ಲುಬಾನ್ ಎಂದರೆ ಇಲ್ಲಿ ಮನೆಮನೆಯಲ್ಲೂ ಹೊಗೆ ಹಾಕುವ ಧೂಪ.

ಹಲ್ವನಿಗೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ತಾನಾಗಿ ಇಳಿದುಬಿಡುವ ಕಾಯಿಲೆ. ಹೆಸರು ಹಲ್ವ, ಸಿಹಿ ಮಾತ್ರ ಮುಟ್ಟುವ ಹಾಗಿಲ್ಲ; ತಿಂದರೆ ಸಕ್ಕರೆ ಒಮ್ಮೆ ಏರಿ ಮತ್ತಷ್ಟು ಇಳಿಯುತ್ತದಂತೆ. ದಿನಕ್ಕೆ ಎರಡು ಸಲ ಔಷಧ, ನಾಲ್ಕು ಗಂಟೆಗೊಮ್ಮೆ ಕೋಳಿಮಾಂಸದ ಊಟ. ಔಷಧ ತಪ್ಪಿದರೆ ಹಿಂಗಾಲು ಸೋತು ಬಿದ್ದುಬಿಡುತ್ತಾನೆ. ಹಾಗೆಂದು ಆರೋಗ್ಯವಾಗಿದ್ದ ಲುಬಾನನಿಗೆ ಅದನ್ನು ಕೊಡುವಂತೆಯೂ ಇಲ್ಲ.

ಮಾರ್ಚಿ ಕೊನೆಗೆ ಶಾಲೆಗೆ ರಜೆ ಬಂತು. ಊರಿನಲ್ಲಿ ಜುಬೇದಾಳ ತಮ್ಮನ ಮದುವೆ. ಅವಳು ಕೆಳಗೆ ಬಂದು ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ವಾರಿಜಕ್ಕ, ಒಂದು ಮೂರು ವಾರ ಈ ಎರಡು ಜನರನ್ನು ನೋಡಿಕೊಳ್ಳಿಕ್ಕೆ ಆಗ್ತದಾ? ನಿಮ್ಮಲ್ಲಿ ಅಲ್ಲದೆ ಬೇರೆ ಯಾರಲ್ಲಿ ಕೇಳುದು ನಾನು? ಶಿಫಾ ಆದ್ರೆ ಮದುವೆಗೇ ಬರುದಿಲ್ಲ ಅಂತ ಕೂತಿದ್ದಾಳೆ. ನಿಮ್ಮ ಹೆಸರು ಹೇಳಿದ ಮೇಲೆ ಒಪ್ಪಿದ್ದು."

ನನ್ನ ಹೆಸರು ಹೇಳಿದ ಮೇಲೆ ಒಪ್ಪಿದಳು ಎಂಬ ಮಾತಿಗೆ ನಾನು ಅಲ್ಲೇ ಕರಗಿದೆ. ನಮ್ಮವರು ಪೇಪರಿನ ಹಿಂದಿನಿಂದ, "ಎರಡು ಕೀರಿ ಬಂತು. ಇನ್ನು ಹಾವು ತರುವವರು ಯಾರಂತೆ?" ಎಂದರು.

ಶಿಫಾ ಸಾಮಾನುಗಳ ಜೊತೆ ಒಂದು ಕಾಗದ ತಂದು ನಮ್ಮ ಫ್ರಿಜ್ಜಿಗೆ ಅಂಟಿಸಿದಳು. ನಡುವೆ ಗೆರೆ ಎಳೆದು ಒಂದು ಬದಿ ಹಲ್ವ, ಇನ್ನೊಂದು ಬದಿ ಲುಬಾನ್. ಔಷಧ ಎಷ್ಟು, ಯಾವಾಗ. ಎತ್ತುವಾಗ ಹಿಂಗಾಲಿಗೆ ಕೈ ಕೊಡಬೇಕು. ಎಸಿ ಒಂದು ನಿಮಿಷವೂ ಆರಿಸಬಾರದು, ಸೆಕೆಯಲ್ಲಿ ಸತ್ತೇ ಹೋಗುತ್ತಾರೆ. ಗುರುತು: ಹಲ್ವನ ಕಣ್ಣಿನ ಸುತ್ತಲಿನ ಕಪ್ಪು ಜಾಸ್ತಿ. ಲುಬಾನನ ಬಾಲದ ತುದಿಯಲ್ಲಿ ನಾಲ್ಕು ಬಿಳಿ ಕೂದಲು.

"ಗೊತ್ತಾಗ್ತದಲ್ವಾ ಆಂಟಿ?"

"ಅಷ್ಟು ಗೊತ್ತಾಗದ್ದಕ್ಕೆ ಎಂತ ಮಗಾ? ನನ್ನ ಕಣ್ಣು ಸಣ್ಣ ಸಣ್ಣದಕ್ಕೇ ಹೋಗುದು" ಎಂದೆ. ಹಾಗೆ ಹೇಳಿದ್ದು ಜಂಬವೇ. ಅಕ್ಕಿಯಲ್ಲಿ ಒಂದು ಕಲ್ಲು ಬಿಡದೆ ಆರಿಸುವವಳು ನಾನು. ಸಾಂಬಾರಿಗೆ ಬೇರೆ ಅಂಗಡಿಯ ಬೇಳೆ ಹಾಕಿದರೂ ಬಣ್ಣದಲ್ಲೇ ಹಿಡಿಯುವವಳು.

ಮೊದಲ ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಬೆಳಿಗ್ಗೆ ಏಳು ಗಂಟೆಗೆ ಕಪ್ಪು ಕಣ್ಣಿನವನನ್ನು ಮಡಿಲಲ್ಲಿಟ್ಟುಕೊಂಡು ಸೂಜಿಯಿಲ್ಲದ ಸಿರಿಂಜಿನಲ್ಲಿ ಔಷಧ ಕೊಡುವುದು, ಸಂಜೆ ಏಳಕ್ಕೆ ಮತ್ತೊಮ್ಮೆ. ಲುಬಾನ್ ಶುದ್ಧ ಕಳ್ಳ. ನಮ್ಮವರ ಒಂದು ಸಾಕ್ಸು, ನನ್ನ ಜಪಸರದಷ್ಟು ಉದ್ದದ ಕೀ ಚೈನು, ಬಟ್ಟಲಿನಿಂದ ಎತ್ತಿದ ಮಾಂಸದ ಚೂರು, ಎಲ್ಲವೂ ಸೋಫಾದ ಅಡಿಗೆ ಹೋಗುತ್ತಿದ್ದವು. ಹಲ್ವ ಅವನ ಹಿಂದೆ ಹಿಂದೆಯೇ ನಡೆಯುತ್ತಿದ್ದ. ಲುಬಾನ್ ಸ್ವಲ್ಪ ದೂರ ಓಡಿ, ನಿಂತು, ತಿರುಗಿ ನೋಡಿ, ಮತ್ತೆ ಓಡುತ್ತಿದ್ದ.

ಎರಡನೇ ವಾರ ಕೂದಲು ಉದುರತೊಡಗಿತು. ಮೊದಲು ದಿಂಬಿನ ಮೇಲೆ, ಆಮೇಲೆ ಸೋಫಾದ ಮೇಲೆ, ಕೊನೆಗೆ ನಮ್ಮವರ ಮೊಸರನ್ನದಲ್ಲಿ. ಚಳಿಗಾಲದ ಕೂದಲು ಹೋಗಿ ಬೇಸಗೆಯದ್ದು ಬರುವ ಹೊತ್ತು. ಅದು ಕಾಗದದಲ್ಲಿ ಇರಲಿಲ್ಲ. ನಾಲ್ಕೈದು ದಿನದಲ್ಲಿ ಹಲ್ವನ ಕಣ್ಣಿನ ಕಾಡಿಗೆ ತೊಳೆದಂತೆ ತಿಳಿಯಾಯಿತು. ಲುಬಾನನ ಬಾಲದ ಬಿಳಿ ಕೂದಲು ಪೊರಕೆಯ ಬಾಯಿಗೆ ಹೋಯಿತು. ಒಂದು ಬುಧವಾರ ಬೆಳಿಗ್ಗೆ ಔಷಧ ಹಿಡಿದು ನೆಲದಲ್ಲಿ ಕೂತರೆ, ಎದುರಿಗೆ ಒಂದೇ ಅಚ್ಚಿನ ಎರಡು ಮುಖ.

ಆಗಲೇ ಫೋನ್ ಮಾಡಬೇಕಿತ್ತು. ಮದುವೆಮನೆಯಲ್ಲಿ ಮಗುವನ್ನು ಯಾಕೆ ಹೆದರಿಸುವುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಗೊತ್ತಾಗುವುದಿಲ್ಲ ಎಂದು ಹೇಳಲು ನಾಚಿಕೆಯಾಯಿತು.

ಹೇಗೋ ಅಂದಾಜಿನಲ್ಲಿ ಒಬ್ಬನಿಗೆ ಔಷಧ ಕೊಟ್ಟೆ. ಅವನನ್ನೇ ಹಲ್ವನೆಂದು ಇಟ್ಟುಕೊಂಡು ಹಣೆಗೆ ಒಂದು ಚೂರು ಅರಿಶಿನ ಹಚ್ಚಿದೆ. ಕುಂಕುಮ ಬೇಡ, ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ ಎಂಬಷ್ಟು ಬುದ್ಧಿ ಇತ್ತು. ಇವೆರಡೂ ಒಂದೇ ಚೀಲದಲ್ಲಿ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು ಮಲಗುತ್ತವೆ ಎಂಬುದು ಗೊತ್ತಿದ್ದೂ ಹೊಳೆಯಲಿಲ್ಲ. ಮಧ್ಯಾಹ್ನ ಚೀಲ ಬಿಡಿಸಿದರೆ ಇಬ್ಬರೂ ಮದುಮಕ್ಕಳು! ಹಣೆ, ಕಿವಿ, ಹೊಟ್ಟೆ, ಎಲ್ಲ ಹಳದಿ.

ನಮ್ಮವರು ಊಟಕ್ಕೆ ಬಂದವರು ನೋಡಿ ನಕ್ಕರು. "ಮದುವೆ ಉಪ್ಪಿನಂಗಡಿಯಲ್ಲಿ, ಅರಿಶಿನ ಶಾಸ್ತ್ರ ಇಲ್ಲಿಯಾ?"

ನಾನು ನಗಲಿಲ್ಲ. ಇಬ್ಬರ ಮುಂದೆಯೂ ಊಟದ ಬಟ್ಟಲು ಇಟ್ಟು ಕಾದೆ. ಕಾಯಿಲೆಯವನು ನಿಧಾನ ಬರುತ್ತಾನೆ ಎಂಬುದು ನನ್ನ ಲೆಕ್ಕ. ಒಬ್ಬ ಓಡಿ ಬಂದು ಗಬಗಬನೆ ತಿಂದ. ಇನ್ನೊಬ್ಬ ಆರಾಮವಾಗಿ ಬಂದು, ಮೂಸಿ, ತಿರುಗಿ ಹೋದ. ಅಯ್ಯೋ ಪಾಪ, ಇವನೇ ಹಲ್ವ ಎಂದು ತೀರ್ಮಾನಿಸಿದೆ. ಮತ್ತೆ ತಪ್ಪಬಾರದಲ್ಲ? ಹಲ್ವದ ಡಬ್ಬದಿಂದ ಕಪ್ಪು ದಾರ ತೆಗೆದು, ಮಕ್ಕಳಿಗೆ ಉಡಿದಾರ ಕಟ್ಟುವಾಗ ಬಿಡುವ ಹಾಗೆಯೇ ಎರಡು ಬೆರಳು ಸಡಿಲ ಬಿಟ್ಟು ಅವನ ಕೊರಳಿಗೆ ಕಟ್ಟಿದೆ. ಬಿಗಿಯಾಗಬಾರದು ಎಂಬುದು ಆ ಹಳದಿ ಮರಿಯಿಂದ ಕಲಿತ ಪಾಠ. ಕಟ್ಟುವಾಗ ಅದನ್ನು ನೆನೆದೆ ಕೂಡ. ದೃಷ್ಟಿಯೂ ತಾಗುವುದಿಲ್ಲ, ಗುರುತೂ ಆಯಿತು ಎಂದು ಸಮಾಧಾನವಾಯಿತು. ಆ ಸಂಜೆ, ಮರುದಿನ ಎರಡು ಹೊತ್ತು, ಶುಕ್ರವಾರ ಬೆಳಿಗ್ಗೆ, ದಾರವಿದ್ದವನನ್ನು ಎತ್ತಿ ಔಷಧ ಕೊಟ್ಟೆ. ಮುಖ ನೋಡುವ ಕೆಲಸವೇ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಕೆಳಗಿನ ಮಸೀದಿಯಿಂದ ಜನ ಮನೆಗೆ ತಿರುಗುವ ಹೊತ್ತು. ನಾನು ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದೆ. ವಾಷಿಂಗ್ ಮಷಿನ್ನಿನ ಹಿಂದೆ ಏನೋ ಗೀರುವ ಸದ್ದು ಕೇಳಿಸಿತು. ಮತ್ತೆ ಯಾವ ಚಪ್ಪಲಿಯೋ ಎಂದುಕೊಂಡೆ. ಸದ್ದು ಒಮ್ಮೆಲೇ ನಿಂತಿತು. ಅದು ನಿಂತ ರೀತಿಗೆ ನಾನು ಬಂಗುಡೆ ಬಿಟ್ಟು ಓಡಿದೆ.

ಮಷಿನ್ನನ್ನು ಹೇಗೆ ಎಳೆದೆನೋ ಗೊತ್ತಿಲ್ಲ. ನೀರಿನ ಪೈಪಿನ ಕೊಕ್ಕೆಗೆ ದಾರ ಸಿಕ್ಕಿತ್ತು. ಅವನು ನುಸುಳಲು ನೋಡಿ, ಆಗದೆ, ಹೊರಳಿದ್ದ. ಹೊರಳಿದಷ್ಟೂ ದಾರ ಹುರಿಗೊಂಡು ಬಿಗಿಯಾಗಿತ್ತು. ಬಾಯಿ ತೆರೆದಿತ್ತು, ನಾಲಗೆ ನೇರಳೆ. ಮಸಾಲೆಯ ಕೈ ಜಾರುತ್ತಿತ್ತು, ಗಂಟಿಗೆ ಉಗುರು ಹೋಗಲಿಲ್ಲ. ನಮ್ಮವರು ಓಡಿ ಬಂದು ಮೀನಿನ ಕತ್ತರಿಯನ್ನು ಕೈಗಿಟ್ಟರು. ದಾರಕ್ಕೂ ಕೊರಳಿಗೂ ನಡುವೆ ಕಿರುಬೆರಳು ತುರುಕಿ, ಬೆರಳಿನ ಮೇಲೇ ಕತ್ತರಿ ಆಡಿಸಿದೆ. ಬೆರಳೂ ಕೊಯ್ಯಿತು. ಕೆಮ್ಮಿದ. ಉಸಿರು ಬಂತು.

ಅವನನ್ನು ಬಟ್ಟೆಯಲ್ಲಿ ಸುತ್ತಿದೆ. ಇನ್ನೊಬ್ಬನನ್ನೂ ಒಟ್ಟಿಗೇ ಬುಟ್ಟಿಗೆ ಹಾಕಲು ಹುಡುಕಿದರೆ, ಅವನು ಹಜಾರದ ನಡುವೆ ನಿಂತು ಏನೂ ಇಲ್ಲದ ಗೋಡೆಯನ್ನು ನೋಡುತ್ತಿದ್ದ. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಎತ್ತಿದರೆ ಹಿಂಗಾಲು ಬಟ್ಟೆಯ ಹಾಗೆ ಜೋತುಬಿದ್ದಿತು.

ಇಬ್ಬರನ್ನೂ ಪ್ರಾಣಿಗಳ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಈಜಿಪ್ಟಿನ ಹೆಂಗಸು. ದಾರದ ಕಥೆ, ಅರಿಶಿನದ ಕಥೆ ಎಲ್ಲವನ್ನೂ ಕೇಳಿದರು. ಇಬ್ಬರಿಂದಲೂ ಒಂದೊಂದು ಹನಿ ರಕ್ತ ತೆಗೆದು, ನಮ್ಮ ಅತ್ತೆಯ ಡಯಾಬಿಟಿಸಿಗೆ ಇದ್ದಂಥದೇ ಸಣ್ಣ ಯಂತ್ರದಲ್ಲಿ ನೋಡಿದರು. ಉಸಿರುಕಟ್ಟಿದವನ ಸಕ್ಕರೆ ಸರಿಯಾಗಿತ್ತು. ಜೋತುಬಿದ್ದವನದು ತಳ ಹಿಡಿದಿತ್ತು.

ನಾನು ದಾರ ಕಟ್ಟಿದ್ದು ಲುಬಾನನಿಗೆ. ಎರಡು ದಿನ ಔಷಧ ಹೋದದ್ದೂ ಅವನಿಗೆ. ಕಳ್ಳ ಲುಬಾನ್ ಸೋಫಾದಡಿಯ ಭಂಡಾರದಲ್ಲಿ ತಿಂದು ಬಂದಿದ್ದರಿಂದ ಬಟ್ಟಲು ಮೂಸಿ ಹೋಗಿದ್ದ. ಓಡಿ ಬಂದು ಗಬಗಬ ತಿಂದವನು ಹಲ್ವ, ಸಕ್ಕರೆ ಇಳಿದು ಹಸಿವಿನಿಂದ ಕಂಗೆಟ್ಟಿದ್ದ ಹಲ್ವ. ಎರಡು ದಿನ ಅವನು ನನ್ನ ಕಣ್ಣೆದುರಿಗೇ ಗೋಡೆ ನೋಡುತ್ತ ನಿಂತಿದ್ದನೋ ಏನೋ. ನಾನು ದಾರವನ್ನು ನೋಡುತ್ತಿದ್ದೆ.

ಡಾಕ್ಟರು ಹಲ್ವನ ಒಸಡಿಗೆ ಒಂದಿಷ್ಟು ಜೇನು ಸವರಿದರು. ಅವನಿಗೆ ಸಿಹಿ ಸಲ್ಲುವುದು ಅಂಥ ಹೊತ್ತಿನಲ್ಲಿ ಮಾತ್ರವಂತೆ. ಆಮೇಲೆ ಔಷಧ ಏರಿಸಿ ಸಂಜೆಯವರೆಗೆ ಅಲ್ಲೇ ಇಟ್ಟುಕೊಂಡರು. ಅವನು ತಲೆ ಎತ್ತಿದ ಮೇಲೆ ನನ್ನ ಕಡೆ ತಿರುಗಿದರು.

"ಇವುಗಳ ತಲೆ ಕೊರಳಿಗಿಂತ ದಪ್ಪವಿಲ್ಲ, ನೋಡಿ. ಸಡಿಲ ಕಟ್ಟಿದರೆ ಎಲ್ಲಿಯಾದರೂ ಸಿಕ್ಕುತ್ತದೆ, ಬಿಗಿ ಕಟ್ಟಿದರೆ ಕೊಯ್ಯುತ್ತದೆ. ಕೊರಳಿಗೆ ಏನೂ ಬೇಡ. ಉಗುರಿಗೆ ಬಣ್ಣ ಬೇಡ, ನೆಕ್ಕುತ್ತವೆ. ಮನೆಯವರು ಬಂದ ಮೇಲೆ ಚರ್ಮದಡಿಗೆ ಚಿಪ್ ಹಾಕಿಸಲಿ. ಅಲ್ಲಿಯವರೆಗೆ ಇದು ಸಾಕು." ಮೊಂಡು ತುದಿಯ ಕತ್ತರಿಯಿಂದ ಲುಬಾನನ ಎಡ ಮಗ್ಗುಲಿನಲ್ಲಿ ಹೆಬ್ಬೆರಳಗಲದ ಕೂದಲು ತೆಗೆದರು. "ಗುರುತು ಯಾವಾಗಲೂ ಗಟ್ಟಿ ಇರುವವನ ಮೇಲೆ. ಕಾಯಿಲೆಯವನನ್ನು ಯಾಕೆ ಹಿಂಸಿಸುವುದು? ಖಲಾಸ್."

ಹೊರಡುವಾಗ ಕೇಳಿದೆ, "ಈ ಎರಡು ದಿನದಿಂದ ಹಲ್ವನ ಆಯುಸ್ಸು ಕಡಿಮೆಯಾಯಿತೇ?"

"ಈ ಕಾಯಿಲೆಯೇ ಕಡಿಮೆ ಮಾಡುತ್ತದೆ" ಎಂದರು. ಅದು ನನ್ನ ಪ್ರಶ್ನೆಗೆ ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎರಡನೇ ಸಲ ಕೇಳುವ ಧೈರ್ಯ ನನಗೆ ಬರಲಿಲ್ಲ.

ಸಂಜೆ ಮನೆಗೆ ಬಂದು ಹಲ್ವನನ್ನು ಮಡಿಲಲ್ಲಿ ಇಟ್ಟುಕೊಂಡೇ ಉಪ್ಪಿನಂಗಡಿಗೆ ಫೋನ್ ಮಾಡಿದೆ. ನಮ್ಮವರು, "ಈಗ ಹುಷಾರಾಗಿದ್ದಾನಲ್ಲ, ಬಂದ ಮೇಲೆ ಹೇಳಿದ್ರೆ ಆಗ್ತಿತ್ತು" ಎಂದರು. ಆಗುತ್ತಿತ್ತು. ಆದರೆ ನನ್ನ ಹೆಸರು ಕೇಳಿ ಒಪ್ಪಿದ ಹುಡುಗಿ ಅದು.

ಜುಬೇದಾ ಎತ್ತಿದಳು. ಹಿಂದೆ ಹಾಡು, ಪಾತ್ರೆ, ನಗು. "ಎಂತ ವಾರಿಜಕ್ಕ, ನಾವಿಲ್ಲಿ ಬಿರಿಯಾನಿ ತಿನ್ನುವಾಗ ನಿಮ್ಮದೇ ನೆನಪು. ಇರಿ, ಇರಿ, ಕೊಡ್ತೇನೆ." ಶಿಫಾ ಬಂದಳು. ನಾನು ಒಂದೂ ಬಿಡದೆ ಹೇಳಿದೆ. ದಾರ ಎಂದಾಗ ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಶೆಡ್ಡಿಂಗ್ ಟೈಮ್ ಅಂತ ನಂಗೆ ಗೊತ್ತಿತ್ತು ಆಂಟಿ" ಎಂದಳು. "ಪೇಪರಲ್ಲಿ ಬರೀಲಿಲ್ಲ ನಾನು." "ಈಗ ಯಾರು ನಿಮ್ಮ ಹತ್ರ ಇರೋದು?"

"ಹಲ್ವ."

"ಹೌ ಡು ಯು ನೋ?"

"ಲುಬಾನನ ಎಡ ಮಗ್ಗುಲಿನ ಕೂದಲು ಡಾಕ್ಟರು ತೆಗೆದಿದ್ದಾರಲ್ಲ ಮಗಾ."

"ಅದಲ್ಲ ಆಂಟಿ. ಮಾರ್ಕ್ ನೋಡದೆ ಹೇಳಿ."

ಮಡಿಲಲ್ಲಿದ್ದವನ ಮುಖವನ್ನು ದೀಪದ ಕಡೆ ತಿರುಗಿಸಿ ನೋಡಿದೆ, ಏನೂ ತಿಳಿಯಲಿಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಗುರಾಗುತ್ತಿತ್ತು. ಜುಬೇದಾ ಫೋನ್ ತೆಗೆದುಕೊಂಡು, "ಬಿಡಿ ವಾರಿಜಕ್ಕ, ಬೇಕು ಅಂತ ಮಾಡಿದ್ದಲ್ಲ. ನೀವು ಅಳ್ಬೇಡಿ ಮಾರಾಯ್ರೆ, ಇಲ್ಲದಿದ್ರೆ ನಾನೂ ಅಳ್ತೇನೆ ಈಗ" ಎಂದಳು.

ಇನ್ನು ಹತ್ತು ದಿನ ಇತ್ತು. ಲುಬಾನನ ಮಗ್ಗುಲು ನೋಡಿದರೆ ಸಾಕು, ಔಷಧ ತಪ್ಪುವ ಭಯವಿರಲಿಲ್ಲ. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ಮಗ್ಗುಲು ನೋಡುವ ಮೊದಲು ಹೇಳು ಎಂದು ನನಗೆ ನಾನೇ ಪಂಥ ಕಟ್ಟಿದೆ. ಮೊದಲ ದಿನ ಐದು ಸಲದಲ್ಲಿ ಮೂರು ತಪ್ಪು. ಮುಖ ನೋಡಿದೆ, ಮೀಸೆ ನೋಡಿದೆ, ಪಾದ ನೋಡಿದೆ. ಅಕ್ಕಿಯ ಕಲ್ಲು ಹಿಡಿಯುವ ಕಣ್ಣು ಇಲ್ಲಿ ಕೆಲಸಕ್ಕೆ ಬರಲಿಲ್ಲ.

ನಾಲ್ಕನೇ ದಿನ ದೋಸೆ ಹೊಯ್ಯುತ್ತಿದ್ದೆ. ಬೆನ್ನು ಹಜಾರದ ಕಡೆ. ಟೈಲ್ಸಿನ ಮೇಲೆ ಉಗುರಿನ ಸದ್ದು: ಟಿಕಿಟಿಕಿಟಿಕಿ, ಒಂದು ಸಣ್ಣ ನಿಲುಗಡೆ, ಮತ್ತೆ ಟಿಕಿಟಿಕಿ. ಇವನು ಲುಬಾನ್ ಎಂದು ಮನಸ್ಸು ಅಂದಿತು. ಅದರ ಹಿಂದೆ ಇನ್ನೊಂದು ಸದ್ದು: ಮುಂಗಾಲಿನದು ಟಿಕಿ, ಹಿಂಗಾಲಿನದು ಸರ್ರೆಂದು ಒಂದಿಷ್ಟು ಎಳೆದಂತೆ. ಚಪ್ಪಲಿ ಎಳೆದಂತೆ. ತಿರುಗಿ ನೋಡದೆ, ಸಟ್ಟುಗ ಹಿಡಿದೇ, "ಹಲ್ವಾ, ಮೆಲ್ಲಗೆ ಬಾ" ಎಂದೆ. ಆಮೇಲೆ ತಿರುಗಿದೆ. ಸರಿಯಾಗಿತ್ತು. ದೋಸೆ ಸೀದಿತು. ಬಟ್ಟೆಯ ಕೋಣೆಯಲ್ಲಿ ಬೆನ್ನು ಹಾಕಿ ಕೂತ ಸಿಸ್ಟರ್ ಲುಡ್ವಿನಾ ಕಣ್ಣಿಗೆ ಕಟ್ಟಿದರು. ಅವರು ನಮಗೆ ಕಿರಿಕಿರಿ ಮಾಡುತ್ತಿರಲಿಲ್ಲ, ನಮ್ಮನ್ನು ಎಣಿಸಿಕೊಳ್ಳುತ್ತಿದ್ದರು ಎಂದು ಐವತ್ತರ ಹತ್ತಿರ ಬಂದ ಮೇಲೆ ತಿಳಿಯಿತು.

ಅದಾದ ಎರಡು ದಿನಕ್ಕೆ ಲುಬಾನನ ಮಗ್ಗುಲಿನ ಬೋಳು ಜಾಗ ನೀಲಿಯಾಯಿತು. ವಿಷವೇರಿತೋ ಎಂದು ಡಾಕ್ಟರಿಗೆ ಫೋಟೋ ಕಳಿಸಿದೆ. "ಹೊಸ ಕೂದಲು ಚರ್ಮದಡಿ ಬರುತ್ತಿದೆ. ಚಹ ಕುಡಿಯಿರಿ" ಎಂದು ಉತ್ತರ ಬಂತು.

ಅವರು ಊರಿಂದ ಬಂದ ದಿನ ಶಿಫಾ ಮೆಹಂದಿ ಕೈಯಲ್ಲೇ ಕೆಳಗೆ ಓಡಿ ಬಂದಳು. ಇಬ್ಬರನ್ನೂ ಎದೆಗೆ ಅವಚಿಕೊಂಡು ಬಹಳ ಹೊತ್ತು ನೆಲದಲ್ಲಿ ಕೂತಿದ್ದಳು. ನಾನು ಅಡುಗೆಮನೆಯಲ್ಲಿ ಚಹಕ್ಕಿಟ್ಟಿದ್ದೆ. ಹಜಾರದಲ್ಲಿ ಸದ್ದಾಯಿತು. "ಹಲ್ವ ಬರ್ತಾ ಇದ್ದಾನೆ. ಲುಬಾನ್ ನಿನ್ನತ್ರವೇ ಇದ್ದಾನಲ್ವಾ?" ಎಂದು ಒಳಗಿಂದಲೇ ಕೇಳಿದೆ.

ಅವಳು ಎದ್ದು ಬಂದು ನನ್ನ ಬೆನ್ನಿಗೆ ಹಣೆ ಒತ್ತಿ ನಿಂತಳು. ಚಹ ಉಕ್ಕಿತು. ಇಬ್ಬರೂ ಒಲೆ ಆರಿಸಲಿಲ್ಲ.

ಹಲ್ವ ಆ ಬೇಸಗೆಯನ್ನು ದಾಟಿದ. ಸೆಕೆ ಇಳಿದು, ಸಂಜೆ ಬಾಲ್ಕನಿಯ ಬಾಗಿಲು ತೆರೆಯಬಹುದಾದ ಹೊತ್ತಿಗೆ ಹೋದ. ಜುಬೇದಾ ಮೆಟ್ಟಿಲಲ್ಲಿ ಸಿಕ್ಕಿ ಹೇಳಿದಳು. ಬರ್ಕಾದಲ್ಲಿ ಅವಳ ಗಂಡನಿಗೆ ಪರಿಚಯದ ಒಮಾನಿಯೊಬ್ಬರ ತೋಟವಿದೆ, ಅಲ್ಲಿ ಖರ್ಜೂರದ ಮರದ ಬುಡದಲ್ಲಿ ಹೂತರಂತೆ. ಆ ಎರಡು ದಿನಗಳನ್ನು ನಾನು ಅವನ ಆಯುಸ್ಸಿನಲ್ಲಿ ಕಳೆದು ನೋಡುತ್ತಲೇ ಇರುತ್ತೇನೆ. ಜುಬೇದಾ ಬಿಟ್ಟುಬಿಡಿ ಎನ್ನುತ್ತಾಳೆ. ಅದಕ್ಕೇ ಈ ದಾರ ಡಬ್ಬದಲ್ಲಿದೆ.

ಕಳೆದ ತಿಂಗಳು ಅವರು ಎರಡು ದಿನಕ್ಕೆ ಸೊಹಾರಿಗೆ ಹೋಗುವವರಿದ್ದರು. ಲುಬಾನನನ್ನು ಬೇರೆಲ್ಲಾದರೂ ಬಿಡಬಹುದಿತ್ತು. ಶಿಫಾ ನಮ್ಮ ಮನೆಗೇ ತಂದಳು. ಫ್ರಿಜ್ಜಿಗೆ ಹೊಸ ಕಾಗದ ಅಂಟಿಸಿದಳು. ಅದರ ನಡುವೆ ಗೆರೆ ಇರಲಿಲ್ಲ.

ನಾನು ಅವನನ್ನು ಎತ್ತಿದೆ, ಹಿಂಗಾಲಿಗೆ ಕೈ ಕೊಟ್ಟು. ಇನ್ನೊಂದು ಕೈ ತಾನಾಗಿ ಅವನ ಎಡ ಮಗ್ಗುಲಿಗೆ ಹೋಗಿ ಕೂದಲು ಸರಿಸಿ ನೋಡಿತು. ಅಲ್ಲಿ ಬೋಳು ಜಾಗವೂ ಇರಲಿಲ್ಲ, ನೀಲಿಯೂ ಇರಲಿಲ್ಲ. ದಟ್ಟ ಕೂದಲು. ಆಮೇಲೆ ನನಗೆ ನಾಚಿಕೆಯಾಯಿತು. ಶಿಫಾ ನೋಡಿಬಿಟ್ಟಿದ್ದಳು.

"ನಾನೂ ಹಾಗೇ ನೋಡ್ತೇನೆ ಆಂಟಿ" ಎಂದಳು. "ಡೈಲಿ."

ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತೆ. ಹಜಾರದ ಟೈಲ್ಸಿನ ಮೇಲೆ ಲುಬಾನ್ ಹೊರಟ. ಟಿಕಿಟಿಕಿಟಿಕಿ ಎಂದು ಸ್ವಲ್ಪ ದೂರ ಓಡಿ ನಿಂತ. ಎಂದಿನ ಸಣ್ಣ ನಿಲುಗಡೆ ಅದಾಗಿರಲಿಲ್ಲ. ನಾನು ಕಿವಿಗೊಟ್ಟು ಕಾದೆ, ಸದ್ದು ಮುಂದುವರಿಯಲಿಲ್ಲ. ಕೈ ಒರೆಸಿಕೊಂಡು ಹೋಗಿ ನೋಡಿದೆ. ಅವನು ಹಜಾರದ ನಡುವೆ, ಒಂದು ಮುಂಗಾಲು ಎತ್ತಿಕೊಂಡು, ಹಿಂದಿನಿಂದ ಇನ್ನೊಬ್ಬ ಬರಬೇಕಿದ್ದ ಹಾಗೆ, ತಾನು ಬಂದ ದಾರಿಯ ಕಡೆಗೆ ತಿರುಗಿ ನಿಂತಿದ್ದ.